ಊದುವ ವಿದ್ಯೆಗೆ ಗುರುಕುಲವೆಲ್ಲಿ?

ತಂತಿವಾದ್ಯಕ್ಕೆ ಬೆರಳು ಬೇಕು, ಚರ್ಮವಾದ್ಯಕ್ಕೆ ಅಂಗೈ ಬೇಕು. ಊದುವ ವಾದ್ಯಕ್ಕೆ ಮಾತ್ರ ಉಸಿರೇ ಬಂಡವಾಳ. ಈ ಬಂಡವಾಳವನ್ನು ದೇವರು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಹಂಚಿದ್ದಾನೆ. ಆದರೆ ಉಸಿರನ್ನು ನಾದವಾಗಿ ತಿದ್ದಿಕೊಳ್ಳುವ ವಿದ್ಯೆಯನ್ನು ಅರಸಿ ಹೊರಟ ಬಡವರ ಹುಡುಗನಿಗೆ ನಮ್ಮ ನಾಡಿನಲ್ಲಿ ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು ಎಂಬುದನ್ನು ನಮ್ಮ ಸಂಗೀತ ಚರಿತ್ರೆಗಳಲ್ಲಿ ಹುಡುಕಿದರೆ ಸಿಕ್ಕುವುದು ಕಡಿಮೆ. ಅವು ಬಹುಮಟ್ಟಿಗೆ ಹಾಡುವವರ ಚರಿತ್ರೆಗಳು. ಊದುವವರು ಅವುಗಳಲ್ಲಿ ಮದುವೆ ಚಪ್ಪರದಲ್ಲಿ ಕೂರುವಂತೆ ಒಂದು ಮೂಲೆಯಲ್ಲಿ ಕೂತಿರುತ್ತಾರೆ.

ಹಳೆಯ ಶಾಸ್ತ್ರಕಾರರು ಹಾಗೆ ಮೂಲೆಗೆ ಸರಿಸಿದವರಲ್ಲ. ಭರತಮುನಿ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಜಾತಿಯಾಗಿ ವಿಂಗಡಿಸಿದಾಗ ತೂತಿನ ಮೂಲಕ ಗಾಳಿ ಹಾಯ್ದು ನುಡಿಯುವ ಸುಷಿರಕ್ಕೆ ಸಮನಾದ ಪೀಠವನ್ನೇ ಕೊಟ್ಟ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ವಂಶ, ಪಾವ, ಮುರಳಿ, ಕಾಹಳೆಗಳನ್ನೆಲ್ಲ ವಿವರವಾಗಿ ವರ್ಣಿಸಿದ. ಅದೇ ಶತಮಾನದಲ್ಲಿ ಸೋಮನಾಥಪುರದ ಕೇಶವ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದನ್ನು ನಮ್ಮ ಶಿಲ್ಪಿಗಳು ವೇಣುಗೋಪಾಲನಿಗೇ ಮೀಸಲಿಟ್ಟರು. ಕೊಳಲೂದುವ ದೇವರಿಗೆ ಗರ್ಭಗುಡಿ. ಆ ದೇವರ ಮುಂದೆ ಓಲಗ ಊದುವ ಮನುಷ್ಯನಿಗೆ ಅನೇಕ ಕಡೆಗಳಲ್ಲಿ ಹೊರಪ್ರಾಕಾರ. ಈ ವಿಚಿತ್ರವನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ.

ನಾನು ಈ ವಿಚಾರವನ್ನು ಕೆದಕಲು ಕಾರಣವಾದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ. ಮಳೆಯ ಮಟ್ಟಿಗೆ ಬಲು ಜಿಪುಣವಾದ ನೆಲ ಅದು. ಚಳ್ಳಕೆರೆ ಎಂದರೆ ಕಡಲೆಕಾಯಿ ಎಣ್ಣೆ ಮತ್ತು ಕರಿಯ ಕಂಬಳಿ. ಮೊಳಕಾಲ್ಮೂರು ಎಂದರೆ ನಮ್ಮ ಗೃಹಿಣಿಯರಿಗೆ ಕೂಡಲೆ ರೇಷ್ಮೆ ಸೀರೆ. ಸಾಹಿತ್ಯದ ಗಂಧವಿರುವವರಿಗೆ ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಊರು ಇನ್ನೊಂದು ಕಾರಣಕ್ಕೆ ಪರಿಚಿತ: ಟಿ. ಎಸ್. ವೆಂಕಣ್ಣಯ್ಯನವರ ಮತ್ತು ತ. ರಾ. ಸುಬ್ಬರಾಯರ ಹೆಸರಿನ ಮೊದಲಕ್ಷರದಲ್ಲಿ ನಿಂತಿರುವುದು ಈ ತಳುಕೇ. ಚಿತ್ರದುರ್ಗದ ಗಾಯಕನೊಬ್ಬನನ್ನು ನಾಯಕನನ್ನಾಗಿ ಮಾಡಿ ತ. ರಾ. ಸು. ‘ಹಂಸಗೀತೆ’ ಬರೆದರು, ಅದು ೧೯೫೬ರಲ್ಲಿ ಹಿಂದಿಯಲ್ಲಿ, ೧೯೭೫ರಲ್ಲಿ ಜಿ. ವಿ. ಅಯ್ಯರ್ ಅವರ ಕೈಯಲ್ಲಿ ಕನ್ನಡದಲ್ಲಿ ಚಿತ್ರವಾಯಿತು. ಹಾಡುವವನಿಗೆ ಅಷ್ಟು ಕೀರ್ತಿ ಸಂದಿತು. ಅದೇ ನೆಲದಲ್ಲಿ ಊದುವವನೂ ಒಬ್ಬನಿದ್ದಾನೆ. ಅವನ ವಿಷಯ ಪೇಟೆಯವರಾದ ನಮಗೆ ಅಷ್ಟಾಗಿ ತಿಳಿಯದು.

ಅವನು ಕಾಡುಗೊಲ್ಲರ ಗಣೆಗಾರ. ಗಣೆ ಎಂದರೆ ಬಿದಿರಿನ ಕೊಳವೆ. ಕಚೇರಿಯಲ್ಲಿ ನಾವು ಕಾಣುವ ಕೊಳಲಿಗಿಂತ ಬಹಳ ನೀಳವಾದದ್ದು, ದನಿಯೂ ಅದಕ್ಕೆ ತಕ್ಕಂತೆ ತಗ್ಗಿನದು. ಗೊಲ್ಲರ ವೀರನೂ ದೈವವೂ ಆದ ಜುಂಜಪ್ಪನ ಕಥೆಯನ್ನು ಹೇಳುವುದು ಈ ಗಣೆಯೊಡನೆ. ದನಕಾಯುವ ಜುಂಜಪ್ಪ ಗಣೆ ಊದಿದರೆ ಚೆದುರಿದ ಹಿಂಡು ಕೂಡಿಬರುತ್ತಿತ್ತು ಎಂಬುದು ಆ ಜನರ ನಂಬಿಕೆ. ಆದ್ದರಿಂದ ಗಣೆ ಅವರಿಗೆ ವಾದ್ಯ ಮಾತ್ರವಲ್ಲ, ಪೂಜೆಯ ವಸ್ತು. ಒಂದಷ್ಟು ಊದುವುದು, ಒಂದಷ್ಟು ಹಾಡುವುದು, ಮತ್ತೆ ಊದುವುದು. ಹೀಗೆ ಕಥೆ ರಾತ್ರಿಯೆಲ್ಲ ನಡೆಯುತ್ತದೆ. ಮುಳ್ಳುಬೇಲಿಯ ಗೊಲ್ಲರಹಟ್ಟಿಯಲ್ಲಿ ಕಂಬಳಿ ಹೊದ್ದು ಕೂತು ಕೇಳಿದಾಗ ನನಗೆ ಅನ್ನಿಸಿದ್ದು, ನಮ್ಮ ಸಭೆಗಳ ಕೊಳಲಿಗೆ ಮಾಧುರ್ಯವಿದೆ, ಈ ಗಣೆಗೆ ಬಯಲಿದೆ ಎಂದು. ಹಟ್ಟಿಯ ಹಾಡಿನ ಸಂಪತ್ತು ಎಷ್ಟೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆಯ ಸಿರಿಯಜ್ಜಿಯೇ ಸಾಕ್ಷಿ. ಅಕ್ಷರ ಬಾರದ ಆ ಮುದುಕಿಯ ನೆನಪಿನಲ್ಲಿದ್ದ ಹಾಡುಗಳನ್ನು ಎಣಿಸಲು ಹೋದವರು ಸೋತರು. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಅವಳಿಗೆ ನಾಡೋಜ ಪದವಿಯಿತ್ತು ಗೌರವಿಸಿತು. ಆದರೆ ಅವಳ ಹಟ್ಟಿಯ ಹುಡುಗ ಹೋಗಿ ಪದವಿ ಪಡೆಯಬಹುದಾದ ಶಾಲೆ ಎಲ್ಲಿದೆ?

ಪ್ರಶ್ನೆ ನನ್ನದಲ್ಲ, ಚಳ್ಳಕೆರೆಯ ಉಪಾಧ್ಯಾಯ ಮಿತ್ರರೊಬ್ಬರದು. “ಹುಡುಗ ಪಿ.ಯು.ಸಿ. ಪಾಸು ಮಾಡಿದ್ದಾನೆ ಸಾರ್. ಅಜ್ಜ ಗಣೆ ಊದೋರು, ಇವನು ಕೊಳಲು ಹಿಡಿದಿದ್ದಾನೆ. ಓದಿದರೆ ಅದನ್ನೇ ಓದಬೇಕು ಅಂತಾನೆ. ಮನೇಲಿ ನಾಕು ಕಾಸಿಲ್ಲ. ಎಲ್ಲಿಗೆ ಕಳಿಸೋಣ, ನೀವೇ ಹೇಳಿ” ಎಂದರು. ಇಂಥ ಪ್ರಶ್ನೆಗೆ ಉತ್ತರವನ್ನು ಕಾಲೇಜುಗಳ ಪಟ್ಟಿಯಿಂದ ಎತ್ತಿಕೊಡಬಹುದು. ಆದರೆ ಪಟ್ಟಿಯಲ್ಲಿರುವ ಬಾಗಿಲುಗಳ ಹಿಂದೆ ಏನೇನು ನಡೆದಿದೆ ಎಂಬುದನ್ನು ತಿಳಿಯದೆ ಕೊಟ್ಟ ಉತ್ತರ ಪೊಳ್ಳು.

ಮೊದಲಿಗೆ, ಊದುವ ವಿದ್ಯೆ ನಮ್ಮಲ್ಲಿ ಮನೆತನದ ಸೊತ್ತಾಗಿತ್ತು. ನಾಗಸ್ವರ, ಮುಖವೀಣೆ, ಸನಾದಿ ಇವುಗಳನ್ನು ತಂದೆಯಿಂದ ಮಗ, ಮಾವನಿಂದ ಅಳಿಯ ಕಲಿಯುತ್ತಿದ್ದ. ಫೀ ಎಂಬುದಿಲ್ಲ; ಆದರೆ ಆ ಮನೆಯಲ್ಲಿ ಹುಟ್ಟಬೇಕು, ಅದೇ ದೊಡ್ಡ ಫೀ. ಹಾಗೆ ಹುಟ್ಟಿದವನಿಗೆ ಬೇರೊಂದು ಕಷ್ಟ. ಅವನ ವಾದ್ಯವಿಲ್ಲದೆ ಮದುವೆಯಿಲ್ಲ, ತೇರಿಲ್ಲ; ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥ ಕದಲುವಾಗ ವಾದ್ಯದವರು ಮುಂದಿರಲೇಬೇಕು. ಆದರೆ ಊಟದ ಹೊತ್ತಿಗೆ ಅವನ ಎಲೆ ಕಡೆಯ ಪಂಕ್ತಿಯಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ಬಡ ಬ್ರಾಹ್ಮಣ ಹುಡುಗರು ವಾರಾನ್ನ ಉಂಡು ಓದಿ ದೊಡ್ಡವರಾದ ಕಥೆಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಓಲಗದವರ ಮನೆಯ ಹುಡುಗನಿಗೆ ವಾರಾನ್ನ ಹಾಕಿದ ಮನೆಯ ಕಥೆಯನ್ನು ನಾನಂತೂ ಕೇಳಿಲ್ಲ. ಈಗ ಅನೇಕ ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಗುಂಡಿ ಒತ್ತಿದರೆ ನಗಾರಿ, ಜಾಗಟೆಗಳನ್ನು ತಾನೇ ಬಾರಿಸುವ ವಿದ್ಯುತ್ ಯಂತ್ರ ಬಂದಿದೆ. ಅದಕ್ಕೆ ಊಟದ ಪಂಕ್ತಿಯ ತೊಂದರೆಯೇ ಇಲ್ಲ.

ಕೊಳಲಿನ ಪಾಡು ಬೇರೆಯಾಯಿತು. ಕುಂಭಕೋಣದ ಶರಭಶಾಸ್ತ್ರಿಗಳು ಕಣ್ಣಿಲ್ಲದವರು. ೧೯೦೪ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಕೊಳಲಿಗೆ ಪೀಠ ಹಾಕಿಕೊಟ್ಟವರು ಅವರೇ. ಅಲ್ಲಿಂದ ಪಲ್ಲಡಂ ಸಂಜೀವರಾಯರು, ಟಿ. ಆರ್. ಮಹಾಲಿಂಗಂ ಅವರ ಮೂಲಕ ಕೊಳಲು ಮರ್ಯಾದಸ್ಥರ ಮನೆಯೊಳಕ್ಕೆ ಬಂತು, ಹಿಂದೆಯೇ ಪರೀಕ್ಷೆಯ ಹಾಲಿಗೂ ಬಂತು. ನಮ್ಮ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಹಲವು ದಶಕಗಳ ಕಾಲ ನಡೆಸಿದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ವೀಣೆ, ಪಿಟೀಲುಗಳ ಪಕ್ಕದಲ್ಲಿ ಕೊಳಲೂ ಇತ್ತು. ಉತ್ತರದ ಪದ್ಧತಿಯಲ್ಲಿ ಪನ್ನಾಲಾಲ್ ಘೋಷರು ದನಗಾಹಿಯ ಬಿದಿರನ್ನು ಉದ್ದಮಾಡಿ ಖಯಾಲಿಗೆ ಒಗ್ಗಿಸಿದರು. ಅವರ ಅಳಿಯ ದೇವೇಂದ್ರ ಮುರ್ಡೇಶ್ವರರು ನಮ್ಮವರು. ಬಿದಿರನ್ನು ಉದ್ದಮಾಡಿ ಮಂದ್ರವನ್ನು ತೆಗೆಯಬೇಕೆಂಬ ಘೋಷರ ಹಂಬಲವನ್ನು ಓದಿದಾಗೆಲ್ಲ ನನಗೆ ಗಣೆ ನೆನಪಾಗುತ್ತದೆ. ಗೊಲ್ಲರು ಆ ಉದ್ದದ ಬಿದಿರನ್ನು ಹಿಡಿದೇ ಇದ್ದರು, ಹೋಗಿ ನೋಡಿದವರಿರಲಿಲ್ಲ.

ಇನ್ನು ಹೊರದೇಶದ ಮಾತು. ಪಾಶ್ಚಾತ್ಯರ ಸಂಗೀತ ಕಾಲೇಜಿಗೆ ‘ಕನ್ಸರ್ವೇಟರಿ’ ಎಂದು ಹೆಸರು. ದೊಡ್ಡ ಹೆಸರಾದುದರಿಂದ ಅದು ಶ್ರೀಮಂತರು ಕಟ್ಟಿಸಿದ ಸೌಧವಿರಬೇಕೆಂದು ನಾವು ತಿಳಿಯುತ್ತೇವೆ. ನಿಜವಾಗಿ ಆ ಪದ ಇಟಲಿಯದು; ಹದಿನಾರನೆಯ ಶತಮಾನದಲ್ಲಿ ನೇಪಲ್ಸ್ ನಗರದಲ್ಲಿ ಅನಾಥ ಮಕ್ಕಳನ್ನು ಕಾಪಾಡುತ್ತಿದ್ದ ಆಶ್ರಮಗಳಿಗೆ ಅದು ಹೆಸರಾಗಿತ್ತು. ಮಕ್ಕಳಿಗೆ ಅನ್ನಕ್ಕೊಂದು ದಾರಿಯಾಗಲೆಂದು ಅಲ್ಲಿ ಸಂಗೀತ ಕಲಿಸಿದರು. ಕಲಿಸುತ್ತ ಕಲಿಸುತ್ತ ಆಶ್ರಮವೇ ಕಾಲೇಜಾಯಿತು. ವೆನಿಸ್ಸಿನಲ್ಲಿಯೂ ವಿವಾಲ್ಡಿಯಂಥ ಮಹಾಶಯ ೧೭೦೩ರಿಂದ ಪಾಠ ಹೇಳಿದ್ದು ಅನಾಥ ಹೆಣ್ಣುಮಕ್ಕಳಿಗೆ.

ಪ್ಯಾರಿಸ್ಸಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಸರೆಟ್ ಎಂಬಾತ ರಾಷ್ಟ್ರೀಯ ರಕ್ಷಣಾ ದಳದ ಬ್ಯಾಂಡಿಗೆ ಹುಡುಗರನ್ನು ತಯಾರುಮಾಡಲು ೧೭೯೨ರಲ್ಲಿ ಒಂದು ಧರ್ಮಶಾಲೆಯನ್ನು ತೆರೆದ. ೧೭೯೫ರಲ್ಲಿ ಕಾನೂನು ಮಾಡಿ ಅದನ್ನೇ ದೊಡ್ಡ ಸಂಗೀತ ವಿದ್ಯಾಲಯವಾಗಿ ಬೆಳೆಸಿದರು. ದೇಶದ ಎಲ್ಲ ಜಿಲ್ಲೆಗಳಿಂದ ಪಾಲಿನ ಪ್ರಕಾರ ಆರಿಸಿದ ೬೦೦ ಮಂದಿ ಹುಡುಗ ಹುಡುಗಿಯರಿಗೆ ಬಿಟ್ಟಿ ಪಾಠ. ಉಪಾಧ್ಯಾಯರಲ್ಲಿ ಕ್ಲಾರಿಯೊನೆಟ್ ಒಂದಕ್ಕೇ ೧೯ ಮಂದಿ! ಬಯಲಿನಲ್ಲಿ ನಡೆಯುವ ಜನತೆಯ ಉತ್ಸವಗಳಿಗೆ ದೂರ ಕೇಳಿಸುವ ವಾದ್ಯ ಬೇಕಾಗಿತ್ತು. ಪಿಟೀಲು ಅಲ್ಲಿ ಸಾಲದು. ಜಗತ್ತಿನಲ್ಲೇ ಹೆಸರಾದ ಸುಷಿರವಾದ್ಯ ಶಾಲೆ ಹುಟ್ಟಿದ್ದು ಹೀಗೆ, ಸಿಪಾಯಿಗಳ ಬ್ಯಾಂಡಿನಿಂದ. ಮುಂದೆ ೧೮೪೬ರಲ್ಲಿ ಸ್ಯಾಕ್ಸೊಫೋನಿಗೆ ಹಕ್ಕುಪತ್ರ ಪಡೆದ ಅಡಾಲ್ಫ್ ಸ್ಯಾಕ್ಸ್ ಅದೇ ಶಾಲೆಯಲ್ಲಿ ೧೮೫೭ರಿಂದ ೧೮೭೦ರವರೆಗೆ ಆ ವಾದ್ಯದ ಪಾಠ ಹೇಳಿದ್ದೂ ಸೈನಿಕ ವಿದ್ಯಾರ್ಥಿಗಳಿಗೇ.

ನಮ್ಮ ನಾಡಿನಲ್ಲಿ ಈ ಎರಡೂ ಬಗೆಯ ಬಾಗಿಲುಗಳಿದ್ದವು: ಒಂದು ಬ್ಯಾಂಡಿನದು, ಇನ್ನೊಂದು ಆಶ್ರಮದ್ದು.

ಮೈಸೂರು ಅರಮನೆಯ ಬ್ಯಾಂಡು ನಮ್ಮ ಹಿರಿಯರಿಗೆ ದಸರೆಯ ಒಂದು ನೋಟ, ಒಂದು ಸಡಗರ. ಅದು ಶಾಲೆಯೂ ಆಗಿತ್ತೆಂಬುದನ್ನು ನಾವು ಗಮನಿಸಲಿಲ್ಲ. ಅಲ್ಲಿ ಸೇರಿದವನಿಗೆ ವಾದ್ಯ ಅರಮನೆಯದು, ಉಡುಪು ಅರಮನೆಯದು, ಕಲಿಸುವವರು ಅರಮನೆಯವರು, ಮೇಲೆ ಸಂಬಳ. ಫೀ ಕೊಡುವ ಬದಲು ಸಂಬಳ ಎಣಿಸುವ ಸಂಗೀತ ಶಾಲೆ ಬೇರೆಲ್ಲಿತ್ತು? ಜಯಚಾಮರಾಜ ಒಡೆಯರಂತೂ ಪಾಶ್ಚಾತ್ಯ ಸಂಗೀತದಲ್ಲಿ ಲಂಡನ್ನಿನ ಪರೀಕ್ಷೆ ಕೊಟ್ಟು ಗೆದ್ದ ರಾಜರು. ಅಲ್ಲಿಯ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ ೧೯೪೮ರಲ್ಲಿ ಮೊದಲ ಅಧ್ಯಕ್ಷರಾದವರು. ರಾಜ್ಯ ಹೋದ ಮೇಲೆ ಆ ಬ್ಯಾಂಡಿನ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಉಳಿದುಕೊಂಡಿತು.

ಆ ಬ್ಯಾಂಡಿನಿಂದ ಹಾರಿದ ಒಂದು ಕಿಡಿ ಎಲ್ಲಿಗೆ ಹೋಗಿ ಬಿತ್ತು ನೋಡಿ. ಬಂಟವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದ ಗೋಪಾಲನಾಥ್, ನಾಗಸ್ವರದ ತನಿಯಪ್ಪನವರ ಮಗ. ಮನೆಯ ವಾದ್ಯ ಕೈಯಲ್ಲಿತ್ತು. ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನ ಸ್ಯಾಕ್ಸೊಫೋನ್ ಕಿವಿಗೆ ಬಿದ್ದದ್ದೇ ಹುಡುಗನಿಗೆ ಹುಚ್ಚು ಹಿಡಿಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಅನಂತರ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠ. ಗಮಕಕ್ಕೆ ಬಗ್ಗದ ಆ ಲೋಹದ ವಾದ್ಯವನ್ನು ಬಗ್ಗಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಉತ್ಸವದಲ್ಲಿ ಅವರು ನುಡಿಸಿದರು, ೨೦೦೪ರಲ್ಲಿ ಪದ್ಮಶ್ರೀ ಬಂತು, ೨೦೧೯ರಲ್ಲಿ ಕಣ್ಮುಚ್ಚಿದರು. ಕದ್ರಿ ಗೋಪಾಲನಾಥರ ಹೆಸರನ್ನು ಬಲ್ಲ ನಾವು ಅವರ ಹಿಂದಿದ್ದ ಮೂರು ಆಸರೆಗಳನ್ನೂ ನೆನೆಯಬೇಕು: ತಂದೆಯ ಮನೆ, ಅರಮನೆಯ ಬ್ಯಾಂಡು, ಊರಿನ ಒಂದು ಸಣ್ಣ ಸಂಗೀತ ಶಾಲೆ. ಮೂರರಲ್ಲಿ ಒಂದು ತಪ್ಪಿದ್ದರೂ ಆಲ್ಬರ್ಟ್ ಹಾಲು ದೂರವೇ ಉಳಿಯುತ್ತಿತ್ತು.

ಸೈನ್ಯದ ಬಾಗಿಲನ್ನೂ ಕನ್ನಡಿಗರೊಬ್ಬರೇ ತೆರೆಸಿದರು. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಸೈನಿಕ ಸಂಗೀತ ಶಾಲೆ ೧೯೫೦ರಲ್ಲಿ ಪ್ರಾರಂಭವಾದದ್ದು ಅಂದಿನ ದಂಡನಾಯಕ ಕೊಡಗಿನ ಕಾರ್ಯಪ್ಪನವರ ಪೋಷಣೆಯಲ್ಲಿ. ಕ್ಲಾರಿಯೊನೆಟ್ಟು, ಓಬೊ, ಬಸೂನುಗಳನ್ನು ಕೈಯಿಂದ ಕಾಸು ಬಿಚ್ಚದೆ ಕಲಿಯುವ ದಾರಿ ಇದು. ಸಿಪಾಯಿಯಾಗಬೇಕು, ಅಷ್ಟೆ.

ಎರಡನೆಯ ಬಾಗಿಲು ಗದುಗಿನದು. ನೇಪಲ್ಸಿನ ಆಶ್ರಮಗಳ ವಿಷಯ ಓದುವಾಗ ಕನ್ನಡಿಗನಿಗೆ ವೀರೇಶ್ವರ ಪುಣ್ಯಾಶ್ರಮ ನೆನಪಾಗದಿದ್ದರೆ ಆಶ್ಚರ್ಯ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಮೈಸೂರಿನಲ್ಲಿ ದಕ್ಷಿಣಾದಿಯನ್ನೂ ನೀಲಕಂಠಬುವಾ ಮಿರಜಕರರಲ್ಲಿ ಉತ್ತರಾದಿಯನ್ನೂ ಕಲಿತರು. ತಾವು ಪಡೆದುದನ್ನು ತಮ್ಮಂಥ ಕುರುಡ, ಅನಾಥ, ಬಡ ಮಕ್ಕಳಿಗೆ ಹಂಚುತ್ತ ಊರೂರು ತಿರುಗಿ, ಕೊನೆಗೆ ಗದುಗಿನಲ್ಲಿ ನೆಲೆಗೊಂಡರು. ಅನ್ನ, ವಸತಿ, ಪಾಠ ಮೂರಕ್ಕೂ ಬೆಲೆಯಿಲ್ಲ. ಜಾತಿ ಕೇಳುವ ಪದ್ಧತಿಯೂ ಇಲ್ಲ. ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸಬಲ್ಲವರಾಗಿ, ನಾಟಕ ಕಂಪನಿ ಕಟ್ಟಿ ಅದರ ಸಂಪಾದನೆಯನ್ನು ಮಕ್ಕಳ ಅನ್ನಕ್ಕೆ ಸುರಿದರು. ನಾಟಕದ ಟಿಕೆಟ್ಟಿನಿಂದ ಸಂಗೀತ ಶಾಲೆ ನಡೆಸಿದ ಈ ಲೆಕ್ಕವನ್ನು ನಮ್ಮ ವಿಶ್ವವಿದ್ಯಾನಿಲಯಗಳ ಹಣಕಾಸು ಅಧಿಕಾರಿಗಳು ಒಮ್ಮೆ ತೆಗೆದು ನೋಡಬೇಕು.

ಸನಾದಿಯವನ ಕಷ್ಟವನ್ನು ಪೇಟೆಯ ಜನ ಕಣ್ತುಂಬಿ ಕಂಡದ್ದು ೧೯೭೭ರಲ್ಲಿ, ‘ಸನಾದಿ ಅಪ್ಪಣ್ಣ’ ಚಿತ್ರ ಬಂದಾಗ. ಕೃಷ್ಣಮೂರ್ತಿ ಪುರಾಣಿಕರ ಕಥೆ, ರಾಜಕುಮಾರರ ಅಭಿನಯ, ಬಿಸ್ಮಿಲ್ಲಾ ಖಾನರ ಶಹನಾಯಿ. ಟಾಕೀಸಿನಲ್ಲಿ ಅತ್ತು ಬಂದವರು ತಮ್ಮೂರಿನ ಸನಾದಿಯವನ ಮಗ ಏನು ಮಾಡುತ್ತಿದ್ದಾನೆಂದು ಮರುದಿನ ವಿಚಾರಿಸಿದರೇ? ಬಹಳ ಮಂದಿ ವಿಚಾರಿಸಿರಲಾರರು.

ಇಷ್ಟು ಹಿನ್ನೆಲೆಯೊಡನೆ ಉಪಾಧ್ಯಾಯ ಮಿತ್ರರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಪದವಿಯೇ ಬೇಕೆಂದರೆ ಮೈಸೂರು. ೨೦೦೯ರ ಕಾಯಿದೆಯಿಂದ ಹುಟ್ಟಿದ, ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯ ಅಲ್ಲಿದೆ, ಸರ್ಕಾರದ್ದು. ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಜಾಗ ದೊರೆತರೆ ಊಟದ ಚಿಂತೆಯಿಲ್ಲ. ಹಿಂದೂಸ್ತಾನಿ ಬಾನ್ಸುರಿಯ ಕಡೆ ಒಲವಿದ್ದರೆ ಧಾರವಾಡದ ಸೀಮೆ. ಪದವಿಗಿಂತ ವಿದ್ಯೆ ಮುಖ್ಯವೆನ್ನುವುದಾದರೆ ಬಳ್ಳಾರಿಗೆ ಬಸ್ಸು, ಅಲ್ಲಿಂದ ಹೊಸಪೇಟೆ, ಕೊಪ್ಪಳದ ಮೇಲೆ ಗದುಗಿಗೆ ರೈಲು. ನಾಗಸ್ವರಕ್ಕೆ ಕೈಹಾಕುವ ಧೈರ್ಯವಿದ್ದರೆ ತಿರುಪತಿ. ಅಲ್ಲಿಯ ದೇವಸ್ಥಾನದವರು ಸಂಗೀತ ಕಾಲೇಜನ್ನೂ, ನಾದಸ್ವರ ಮತ್ತು ಡೋಲಿಗೆಂದೇ ಒಂದು ಶಾಲೆಯನ್ನೂ ನಡೆಸುತ್ತಾರೆ. ಮ್ಯಾಸಬೇಡರ ಮನೆಮಾತೇ ತೆಲುಗಾಗಿರುವ, ರಾಯದುರ್ಗ ಕೂಗಳತೆಯಲ್ಲಿರುವ ಮೊಳಕಾಲ್ಮೂರು ಕಡೆಯ ಹುಡುಗನಿಗೆ ತೆಲುಗು ತೊಡಕಾಗದು.

ಮಿತ್ರರು ಬರೆದುಕೊಂಡರು. ಹುಡುಗನ ತಂದೆಯೂ ಅಲ್ಲೇ ಕೂತಿದ್ದ. ಎಲ್ಲ ಕೇಳಿ, “ಫೀಜು ಬ್ಯಾಡ, ಊಟ ಅವರೇ ಹಾಕ್ತಾರೆ ಅಂತೀರಿ, ದೊಡ್ಡದಾತು. ಮೂರು ವರ್ಸ ಕುರಿ ಹಿಂದೆ ಯಾರು ಹೋಗ್ತಾರೆ ಸ್ವಾಮಿ?” ಎಂದ. ನಾವು ಪೇಟೆಯವರು ಶಿಕ್ಷಣದ ಖರ್ಚೆಂದರೆ ಫೀ, ಪುಸ್ತಕ, ಹಾಸ್ಟೆಲು ಎಂದು ಎಣಿಸುತ್ತೇವೆ. ಆ ಮನೆಯ ಲೆಕ್ಕದಲ್ಲಿ ದೊಡ್ಡ ರಕಮು ಹುಡುಗನ ಕೂಲಿ. ಅರಮನೆಯ ಬ್ಯಾಂಡು ಬಡವರ ಮಕ್ಕಳನ್ನು ಏಕೆ ಸೆಳೆಯಿತು, ಸಂಗೀತ ಕಾಲೇಜು ಏಕೆ ಸೆಳೆಯಲಿಲ್ಲ ಎಂಬುದು ಈ ಒಂದು ಮಾತಿನಲ್ಲಿ ನನಗೆ ಸ್ಪಷ್ಟವಾಯಿತು. ಪಾಠ ಬಿಟ್ಟಿಯಾದರೆ ಸಾಲದು; ಕಲಿಯುವ ಕಾಲಕ್ಕೂ ಬೆಲೆ ಕಟ್ಟಬೇಕು. ನಮ್ಮ ಸಂಗೀತ ನೃತ್ಯ ಅಕಾಡೆಮಿ ಶಿಷ್ಯವೇತನ ಕೊಡುವುದುಂಟು. ಆದರೆ ಅದರ ಅರ್ಜಿ ಹಟ್ಟಿಯ ಬೇಲಿ ದಾಟಿ ಒಳಗೆ ಹೋಗುವುದು ಅಪರೂಪ.

ಇನ್ನೊಂದು ಮಾತು. ಮೈಸೂರಿಗೋ ಗದುಗಿಗೋ ಹೋದ ಹುಡುಗ ಕೊಳಲು ಕಲಿತು ಬಂದಾನು, ಗಣೆಯ ಗತಿಯೇನು? ನಾನು ಕಂಡ ಯಾವ ಪಾಠಪಟ್ಟಿಯಲ್ಲೂ ಗಣೆಯ ಹೆಸರಿರಲಿಲ್ಲ. ಜನಪದ ಕಲೆಗಳಿಗೆಂದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ವಿಶ್ವವಿದ್ಯಾನಿಲಯವಿದೆ, ಸಂತೋಷ. ಆದರೆ ಗಣೆಯನ್ನು ಕಲಿಸಬಲ್ಲವರು ಗೊಟಗೋಡಿಯಲ್ಲಿ ಹುಟ್ಟಿದವರಲ್ಲ. ಚಳ್ಳಕೆರೆ, ಹಿರಿಯೂರು, ಶಿರಾ ಕಡೆಯ ಹಟ್ಟಿಗಳಲ್ಲಿ ವಯಸ್ಸಾಗಿ ಕೂತಿದ್ದಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಶಾಸನವನ್ನು ರೈಸ್ ಸಾಹೇಬರು ೧೮೯೨ರಲ್ಲಿ ಪತ್ತೆಮಾಡಿದರು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿ ಅದರಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತು. ಆಚಾರ್ಯನಿಗೆ ಸಂಬಳವನ್ನು ಯಾರು ಕೊಡಬೇಕೆಂದು ಮಾತ್ರ ಬಂಡೆ ಹೇಳುವುದಿಲ್ಲ.

ಚಳ್ಳಕೆರೆಯ ಸುತ್ತಿನ ಅಮೃತಮಹಲ್ ಕಾವಲು ಗಣೆಯ ದನಿ ಹರಡಿದ ಹುಲ್ಲುಗಾವಲು. ಅದರಲ್ಲಿ ಸಾವಿರಾರು ಎಕರೆಯನ್ನು ೨೦೦೯ರಿಂದ ಈಚೆಗೆ ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಹಂಚಿದರು. ದನ ಕುರಿ ಮೇಯಿಸುವವರು ಆಕ್ಷೇಪಿಸಿದರು, ವ್ಯಾಜ್ಯ ಹಸಿರು ಪೀಠದವರೆಗೂ ಹೋಯಿತು. ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೇ ಎದ್ದಿದೆ. ಊರೂರಿನ ಉಪಾಧ್ಯಾಯರು ಅಲ್ಲಿಗೆ ತರಬೇತಿಗೆ ಬರುತ್ತಾರೆ. ಅಷ್ಟು ದೊಡ್ಡ ವಿದ್ಯೆಗೆ ಆ ಬಯಲಿನಲ್ಲಿ 'ಜಾಗ ದೊರೆತಿರುವಾಗ ಗಣೆಗೆ ಬೇಕಾದದ್ದು ಎಷ್ಟು? ಚಳ್ಳಕೆರೆಯ ಯಾವುದಾದರೊಂದು ಸರ್ಕಾರಿ ಕಾಲೇಜಿನಲ್ಲಿ ಒಂದು ಕೋಣೆ, ವಾರಕ್ಕೆ ಎರಡು ಸಂಜೆ, ಊದಬಲ್ಲ ಒಬ್ಬ ಹಿರಿಯನಿಗೆ ಅತಿಥಿ ಉಪನ್ಯಾಸಕನ ಗೌರವಧನ, ಕಲಿಯುವ ನಾಲ್ಕು ಹುಡುಗರಿಗೆ ಆ ದಿನದ ಕುರಿಗಾಹಿಯ ಕೂಲಿ. ಬಿದಿರಿನ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದನ್ನು ಹಟ್ಟಿಯವರೇ ತರುತ್ತಾರೆ.